ಲಿಫ್ಟಣ್ಣನ ನಲವತ್ತೆರಡು ಕಿಲೋಮೀಟರ್

ಹನ್ನೊಂದು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ಕಾಲದ ಲಿಫ್ಟು. ಜಾಲರಿ ಬಾಗಿಲನ್ನು ಎಳೆದು ಮುಚ್ಚದೆ ಕದಲುತ್ತಿರಲಿಲ್ಲ. ಅದರೊಳಗೆ ಒಂದು ಸ್ಟೂಲು ಹಾಕಿಕೊಂಡು ಹತ್ತೊಂಬತ್ತು ವರ್ಷ ಜನರನ್ನು ಮೇಲೆ ಕೆಳಗೆ ಸಾಗಿಸಿದ್ದ. "ಎಷ್ಟನೇದು?" ಎನ್ನುವುದರಲ್ಲೇ ಅವನ ದಿನದ ಮಾತು ಮುಗಿಯುತ್ತಿತ್ತು. ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಕೋಣೆ, ಊಟ ಅಕ್ಕನ ಮನೆಯಲ್ಲಿ. ಐವತ್ತು ದಾಟಿ ಹೊಟ್ಟೆ ಮುಂದೆ ಬಂದಿದ್ದ ಈ ಮನುಷ್ಯ ತನ್ನ ಎಡಗಡೆಯ ಕಿಡ್ನಿಯನ್ನು ಅಕ್ಕನಿಗೆ ಕೊಟ್ಟಿದ್ದಾನೆಂದು ಆ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ರಜೆ ಚೀಟಿಯಲ್ಲಿ 'ಸಣ್ಣ ಆಪರೇಷನ್' ಎಂದಷ್ಟೇ ಬರೆದಿದ್ದ.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರು. ತಮ್ಮನ ಕಿಡ್ನಿ ಒಳಗೆ ಹೋದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಮೊದಲು ನಡೆದಳು, ಆಮೇಲೆ ಓಡಿದಳು. ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಓಟದಲ್ಲಿ ಎರಡು ಸಲ ಇಪ್ಪತ್ತೊಂದು ಕಿಲೋಮೀಟರ್ ಮುಗಿಸಿದಳು.

"ಲೋ, ನಿನ್ನ ಹತ್ರ ಇದ್ದಾಗ ಇದು ಬರೀ ಸ್ಟೂಲ್ ಮೇಲೆ ಕೂತಿತ್ತು. ಈಗ ನೋಡು, ಊರೆಲ್ಲಾ ಸುತ್ತುತ್ತೆ" ಎಂದು ಹೊಟ್ಟೆ ತಟ್ಟಿ ತೋರಿಸುತ್ತಿದ್ದಳು.

"ಹಾಗಾದ್ರೆ ಇನ್ನೊಂದನ್ನೂ ಕರ್ಕೊಂಡು ಹೋಗು" ಎನ್ನುತ್ತಿದ್ದ ತಮ್ಮ.

ಆಪರೇಷನ್ ಆದ ಹನ್ನೊಂದನೆಯ ವರ್ಷ ಅವಳು ಪೂರ್ತಿ ನಲವತ್ತೆರಡು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಳು. ಓಟಕ್ಕೆ ನಾಲ್ಕು ತಿಂಗಳಿರುವಾಗ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ, ಅಷ್ಟೇ. ಅಕ್ಕ ಮನೆಗೆ ಮರಳಲಿಲ್ಲ.

ಎರಡು ತಿಂಗಳ ನಂತರ, ಒಂದು ಸಂಜೆ ಊಟ ಮುಗಿಸಿ ಕೈ ತೊಳೆಯುತ್ತಾ ಅವನು ಅಕ್ಕನ ಮಗಳಿಗೆ ಹೇಳಿದ: "ಆ ನಲವತ್ತೆರಡು ನಾನು ಓಡ್ತೀನಿ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ತಾಯಿಯಂತೆಯೇ ನೇರ ಮಾತು. "ಮಾಮ, ನೀನು ಬಸ್ಸು ಹಿಡಿಯೋಕೂ ಓಡಿದವನಲ್ಲ."

"ಗೊತ್ತು. ಅದಕ್ಕೇ ನಿನ್ನ ಕೇಳ್ತಿರೋದು. ಈ ವರ್ಷ ಬೇಡ, ಮುಂದಿನ ವರ್ಷ. ಕಲಿಸ್ತೀಯಾ?"

ಭಾವ ಬಟ್ಟೆ ಹೊಲಿಯುವವರು, ಮಾತಿನಲ್ಲಿ ಅವನಿಗಿಂತ ಬಡವರು. ಕತ್ತಿನಲ್ಲಿದ್ದ ಟೇಪು ತೆಗೆದು ಅವನ ಸೊಂಟದ ಅಳತೆ ತೆಗೆದುಕೊಂಡರು. ನಾಲ್ಕನೆಯ ದಿನ ಓಟಕ್ಕೆ ಎರಡು ಚಡ್ಡಿ ತಯಾರಾಗಿದ್ದವು. ಮುಂದಿನ ಹದಿನಾಲ್ಕು ತಿಂಗಳಲ್ಲಿ ಅವನ್ನು ಮೂರು ಸಲ ಬಿಚ್ಚಿ ಒಳಗೆ ಹಿಡಿದು ಹೊಲಿಯಬೇಕಾಯಿತು.

ಕಿಡ್ನಿ ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿಸಿ ಒಪ್ಪಿದರು. "ನಿಧಾನವಾಗಿ ಶುರು ಮಾಡಿ. ನೀರು ಮರೀಬೇಡಿ. ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ."

ಮೊದಲ ದಿನ ಮೂರನೆಯ ದೀಪದ ಕಂಬಕ್ಕೇ ಏದುಸಿರು ಬಂತು. ಅಕ್ಕನ ಮಗಳು ಸೈಕಲ್ಲಿನಲ್ಲಿ ಪಕ್ಕದಲ್ಲೇ ಬರುತ್ತಾ ನಾಳೆ ನಾಲ್ಕನೆಯ ಕಂಬ ಎಂದಳು. ಹಾಗೆ ಒಂದೊಂದೇ ಕಂಬ. ಕೆಲಸದ ಜಾಗದಲ್ಲಿ ಊಟದ ಬಿಡುವಿನಲ್ಲಿ ಹನ್ನೊಂದು ಮಹಡಿ ಮೆಟ್ಟಿಲು ಹತ್ತತೊಡಗಿದ. ಕಸ ಗುಡಿಸುವ ಹೆಂಗಸು ಆರನೆಯ ಮಹಡಿಯಲ್ಲಿ ಅವನನ್ನು ಕಂಡು ಗಾಬರಿಯಾದಳು.

"ಲಿಫ್ಟು ಕೆಟ್ಟಿದ್ಯಾ ಅಣ್ಣ?"

"ಇಲ್ಲಮ್ಮ, ನಾನೇ ರಿಪೇರಿ ಆಗ್ತಿದ್ದೀನಿ."

ಹತ್ತನೆಯ ತಿಂಗಳಲ್ಲಿ ಮಂಡಿ ಊದಿಕೊಂಡಿತು. ಮಾತ್ರೆ ನುಂಗುವಂತಿಲ್ಲ, ಬರೀ ಐಸು, ವಿಶ್ರಾಂತಿ. ಮೂರು ವಾರ ಬಿಟ್ಟು ಮತ್ತೆ ಹೊರಟಾಗ ಹದಿನೆಂಟನೆಯ ಕಿಲೋಮೀಟರಿನಲ್ಲಿ ಪಾರ್ಕಿನ ಬೆಂಚಿನ ಮೇಲೆ ಕುಸಿದು ಕೂತ. "ನನ್ನ ಕೈಲಾಗಲ್ಲ ಕಣೇ."

ಅವಳು ಸೈಕಲ್ ನಿಲ್ಲಿಸಿ ಪಕ್ಕದಲ್ಲಿ ಕೂತಳು. "ಆಪರೇಷನ್ ಆದ ಮೇಲೆ ಅಮ್ಮ ಮೊದಲ ಸಲ ಎದ್ದು ವಾರ್ಡಿನ ಬಾಗಿಲ ತನಕ ನಡೆದು ಇದೇ ಮಾತು ಹೇಳಿದ್ಲು. ಬಾಗಿಲು ಹಿಡ್ಕೊಂಡು ನಿಂತು ಅತ್ತಳು. ನೀನು ಆ ಕಡೆ ವಾರ್ಡಲ್ಲಿ ಮಲಗಿದ್ದೆ, ನಿಂಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ಲು."

ತನ್ನೆದುರು ಸದಾ ನಗುತ್ತಿದ್ದ ಅಕ್ಕ ಅತ್ತಿದ್ದಳೆಂದು ಅವನಿಗೆ ತಿಳಿದದ್ದು ಆಗಲೇ. ಷೂ ದಾರ ಬಿಗಿದುಕೊಂಡು ಎದ್ದ.

ಓಟದ ದಿನ ಏಳು ಗಂಟೆಗಳ ಗಡುವು. ಮೂವತ್ತೈದನೆಯ ಕಿಲೋಮೀಟರಿನಲ್ಲಿ ಕಾಲಿನ ಮೀನಖಂಡ ಹಿಡಿದುಕೊಂಡಿತು. ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ವ್ಯಾನು ಬೆನ್ನಿಗೇ ಬರುತ್ತಿತ್ತು. ಡ್ರೈವರು ಬಾಗಿಲು ತೆರೆದು ತೋರಿಸಿದ. ಇವನು ಕೈಯಾಡಿಸಿ ಬೇಡವೆಂದ. ಮೂರು ಕಿಲೋಮೀಟರ್ ಮುಂದೆ, ನೀರಿನ ಬಾಟಲಿ ಹಿಡಿದು ಭಾವ ನಿಂತಿದ್ದರು. ಚಪ್ಪಲಿಯಲ್ಲೇ ಅವನ ಜೊತೆ ಓಡುತ್ತಾ, ಉಸಿರು ಸಿಕ್ಕಿದಾಗ ಹೇಳಿದರು: "ಅವಳಾಗಿದ್ರೆ ಇಷ್ಟೊತ್ತಿಗೆ ಮನೆಗೆ ಹೋಗಿ ಸ್ನಾನ ಮುಗಿಸಿರ್ತಿದ್ಲು."

ನಗು ಬಂತು. ನಕ್ಕಾಗ ಕಾಲಿನ ಬಿಗಿ ತುಸು ಸಡಿಲವಾದಂತೆನಿಸಿತು.

ಆರು ಗಂಟೆ ನಲವತ್ತಾರು ನಿಮಿಷಗಳಲ್ಲಿ ಗೆರೆ ದಾಟಿದ. ದಾಟಿಯೂ ಓಡುತ್ತಲೇ ಇದ್ದ. "ಮಾಮ, ಮುಗೀತು, ನಿಲ್ಲು" ಎಂದು ಅಕ್ಕನ ಮಗಳು ತೋಳು ಹಿಡಿದು ನಿಲ್ಲಿಸಬೇಕಾಯಿತು.

"ಅಕ್ಕನ ಹತ್ರ ಇದ್ದ ಕಿಡ್ನಿ ಎರಡು ಇಪ್ಪತ್ತೊಂದು ಓಡಿತ್ತು" ಎಂದ ಏದುಸಿರಿನ ನಡುವೆ. "ನನ್ನ ಹತ್ರ ಇರೋದು ಒಂದು ನಲವತ್ತೆರಡು. ಸಮ ಆಯ್ತು ನೋಡು."

ಅವಳು ಅಳುತ್ತಾ ನಗುತ್ತಾ ಅವನ ಕೊರಳಿಗೆ ಹಾಕಿದ ಪದಕವನ್ನು ನೆಟ್ಟಗೆ ಮಾಡಿದಳು. ಭಾವ ಪಕ್ಕದಲ್ಲಿ ನಿಂತಿದ್ದ ಅಪರಿಚಿತರನ್ನು ತಾವಾಗಿಯೇ ಮಾತನಾಡಿಸಿ, "ನನ್ನ ಹೆಂಡತಿ ತಮ್ಮ" ಎಂದರು. ಮೂರ್ನಾಲ್ಕು ಜನರಿಗೆ ಹೇಳಿದರು.

ಸೋಮವಾರ ಬೆಳಿಗ್ಗೆ ಏಳನೆಯ ಮಹಡಿಯ ಅಧಿಕಾರಿ ಲಿಫ್ಟಿಗೆ ಬಂದರು. "ಯಾಕೆ ಕುಂಟುತ್ತಿದ್ದೀರಿ?"

ಬೇರೆ ದಿನವಾಗಿದ್ದರೆ ಏನಿಲ್ಲ ಸಾರ್ ಎನ್ನುತ್ತಿದ್ದ. ಇಂದು ಜಾಲರಿ ಬಾಗಿಲು ಎಳೆದು, ಬೆನ್ನು ನೆಟ್ಟಗೆ ಮಾಡಿಕೊಂಡು, "ನಿನ್ನೆ ನಲವತ್ತೆರಡು ಕಿಲೋಮೀಟರ್ ಓಡಿದೆ ಸಾರ್" ಎಂದ. "ಒಂದೇ ಕಿಡ್ನಿ ನನಗೆ. ಇನ್ನೊಂದು ಅಕ್ಕನಿಗೆ ಕೊಟ್ಟಿದ್ದೆ."

ಏಳನೆಯ ಮಹಡಿ ಬಂತು. ಅಧಿಕಾರಿ ಇಳಿಯಲಿಲ್ಲ.

"ಮೇಲಕ್ಕೇ ಹೋಗಲಿ" ಎಂದರು. "ಮೊದಲಿಂದ ಹೇಳಿ."

ಅವನು ಹನ್ನೊಂದರ ಗುಂಡಿ ಒತ್ತಿದ.

"ನಮ್ಮಕ್ಕ ಪಿ.ಟಿ. ಟೀಚರು ಸಾರ್" ಎಂದು ಶುರು ಮಾಡಿದ.