ಕಿಟಕಿಯ ಕಡೆ ಮುಖ ತಿರುಗಿಸಿದವರು

ಆ ಬೆಳಿಗ್ಗೆ ಮಂಜು ಬೇಗನೆ ಹರಿದು, ಸಕಲೇಶಪುರದ ಗುಡ್ಡಗಳ ಮೇಲೆ ಬೇಸಿಗೆಯ ಬಿಸಿಲು ಚುರುಗುಟ್ಟುತ್ತಿತ್ತು. ದೋಣಿಗಲ್ ಕಡೆಯಿಂದ ಬೀಸುವ ಗಾಳಿಯೂ ನಿಂತುಹೋಗಿತ್ತು. ನಮ್ಮ ಸ್ನಾತಕೋತ್ತರ ಕೇಂದ್ರದ ಕನ್ನಡ ವಿದ್ಯಾರ್ಥಿಗಳು ಪ್ರಬಂಧ ಒಪ್ಪಿಸಬೇಕಾಗಿದ್ದ ಕೊನೆಯ ದಿನವದು. ಗಣಕ ವಿಭಾಗದ ಮುಖ್ಯಸ್ಥೆ ಶ್ರೀಮತಿ ಪುಷ್ಪಾ ಮಹಾದೇವಯ್ಯನವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರನ್ನು ಕುರಿತು ಬರೆಯಲು ಕುಳಿತರೆ, ಮೊದಲು ನೆನಪಾಗುವುದು ಆ ದಿನವೇ.

ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಜಾಲ ಕಟ್ಟಿದವರು ಹಲವರಿದ್ದಾರೆ. ಅದರೊಳಗೆ ಮಕ್ಕಳು ಇಟ್ಟುಹೋದದ್ದನ್ನು ದೇವರ ಒಡವೆಯಂತೆ ಕಾಯ್ದವರು ವಿರಳ. ಪುಷ್ಪಾ ಮೇಡಂ ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳ ಬರಹವೆಲ್ಲ ಪೆನ್‌ಡ್ರೈವ್‌ಗಳಲ್ಲಿ ಅಲೆಯುತ್ತಿತ್ತು, ಬಾಳ್ಳುಪೇಟೆ ಬಸ್ಸಿನಲ್ಲಿ ಕಳೆದುಹೋಗುತ್ತಿತ್ತು. ಅವರು ಪ್ರತಿಯೊಬ್ಬರಿಗೂ ಜಾಲದೊಳಗೆ ಒಂದೊಂದು ಫೋಲ್ಡರ್ ಕೊಟ್ಟು, ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ಅದು ತೆರೆದುಕೊಳ್ಳುವಂತೆ ಮಾಡಿದರು. ಜನರೇಟರಿನ ಡೀಸೆಲ್‌ಗಾಗಿ ಕಚೇರಿಯೊಡನೆ ಜಗಳವಾಡಿದರು. ಮನೆಯಲ್ಲಿ ನೆಟ್‌ವರ್ಕ್ ಸಿಗದವರಿಗಾಗಿ ಭಾನುವಾರವೂ ಲ್ಯಾಬಿನ ಬಾಗಿಲು ತೆರೆದರು. ಎಲ್ಲವನ್ನೂ ನೋಡುವ ಅಧಿಕಾರ ತಮಗಿದ್ದರೂ, ಒಡೆಯರು ಪಕ್ಕದಲ್ಲಿಲ್ಲದೆ ಯಾರ ಫೋಲ್ಡರನ್ನೂ ತೆರೆಯಲಿಲ್ಲ. ಅದು ಅವರ ವ್ರತ.

ಅಂದು ನನ್ನ ವಿದ್ಯಾರ್ಥಿನಿ, ಹೆಗ್ಗದ್ದೆಯ ಪೂಜಿತಾ ಅಳುತ್ತ ಬಂದಳು. ಕಾಫಿ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳಲ್ಲಿ ಹಾಡುವ ಸೋಬಾನೆ ಪದಗಳ ಮೇಲೆ ಅವಳು ಬರೆದಿದ್ದ ಕೊನೆಯ ಅಧ್ಯಾಯ ಫೋಲ್ಡರಿನಿಂದ ಮಾಯವಾಗಿತ್ತು. ಜಾಲದಲ್ಲಿ ಕಾಪಿಟ್ಟಿದ್ದ ನಕಲು ಹಿಂದಿನ ವಾರದ್ದು, ಅದರಲ್ಲಿ ಆ ಅಧ್ಯಾಯವೇ ಇರಲಿಲ್ಲ. ಸಂಜೆಯೊಳಗೆ ಒಪ್ಪಿಸದಿದ್ದರೆ ಅವಳ ಒಂದು ವರ್ಷ ಹೋದಂತೆಯೇ.

“ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ಯೇನಮ್ಮ?” ಎಂದರು ಮೇಡಂ.

“ಹೇಳೋದೇನ್ ಬಂತು ಮೇಡಂ, ನಮ್ಮೂರ್ ದೇವ್ರ ಹೆಸ್ರು. ನಮ್ಮ ಕಡೆಯೋರೆಲ್ಲ ಅದನ್ನೇ ಇಟ್ಕೊಂಡವ್ರೆ.”

“ಚೆನ್ನಾಗೈತೆ ಕಣಮ್ಮ! ಆ ದೇವ್ರಾದ್ರೂ ಎಷ್ಟು ಬಾಗ್ಲು ಕಾಯ್ಬೇಕು?”

ಅಳುತ್ತಿದ್ದವಳಿಗೂ ನಗು ಬಂತು. ಅಲ್ಲೇ ನಿಂತಿದ್ದ ಕೇಂದ್ರದ ನಿರ್ದೇಶಕ ರಾಜಶೇಖರ್ ಅವರಿಗೆ ಮಾತ್ರ ನಗು ಬರಲಿಲ್ಲ. “ಎಲ್ಲರ ಫೋಲ್ಡರೂ ತೆಗೀರಿ ಮೇಡಂ. ಕಳ್ಳ ಯಾರು ಅಂತ ಗೊತ್ತಾಗ್ಲಿ.”

“ಕಳ್ಳನ್ನ ಇಟ್ಕೊಂಡು ಏನ್ಮಾಡೋಣ ಸಾರ್? ಹೆದ್ರಿ ಅಳಿಸ್ಬುಟ್ರೆ? ಈ ಮಗೀಗೆ ಬೇಕಾಗಿರೋದು ಅಧ್ಯಾಯ.”

ಮೇಡಂ ತರಗತಿಯವರನ್ನೆಲ್ಲ ಲ್ಯಾಬಿಗೆ ಕರೆಸಿ, ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕೆಂದರು. “ಒಬ್ಬೊಬ್ರೇ ಬಂದು ನನ್ನ ಪಕ್ಕ ಕೂತ್ಕೊಳ್ಳಿ. ನಿಮ್ದಲ್ಲದ್ದು ಏನಾದ್ರೂ ನಿಮ್ಮ ಫೋಲ್ಡರಿಗೆ ಬಂದ್ಬುಟ್ಟಿದ್ರೆ, ಎಲ್ರಿಗೂ ಸೇರಿದ ಈ ಫೋಲ್ಡರಿಗೆ ಹಾಕ್ಬುಡಿ. ಕೈ ತಪ್ಪಿ ಬರೋದು ಉಂಟು. ನಾನು ನೋಡಲ್ಲ.”

ಇಂದು ಅವರ ಆಯುಸ್ಸು, ಆರೋಗ್ಯಗಳಿಗಾಗಿ, ನಿವೃತ್ತಿಯ ಬಳಿಕವೂ ಇನ್ನೂ ಹಲವು ಶಾಲೆಗಳ ಜಾಲಗಳು ಅವರ ಕೈಯಿಂದ ಕಣ್ಣು ತೆರೆಯಲೆಂದು ಶಿವನಲ್ಲಿ ಬೇಡಿಕೊಳ್ಳುವಾಗ, ನನಗೆ ಕಾಣುವುದು ಅಂದಿನ ಅವರ ಮುಖ. ಒಬ್ಬೊಬ್ಬರು ಬಂದು ಕುಳಿತಂತೆ ಅವರು ಕಿಟಕಿಯ ಕಡೆ ತಿರುಗಿ ಕುಳಿತರು. ಕೆಲವರು ಬೇಗ ಎದ್ದರು, ಕೆಲವರಿಗೆ ತಡವಾಯಿತು. ಯಾರಿಗೆ ಎಷ್ಟು ಹೊತ್ತಾಯಿತೆಂದು ಅವರು ಗಡಿಯಾರ ನೋಡಲಿಲ್ಲ; ಯಾರು ಏನು ಸರಿಸಿದರೆಂದು ಮುಂದೆಯೂ ಹುಡುಕಲಿಲ್ಲ. ಕೊನೆಯವಳಾಗಿ ಪೂಜಿತಾ ಕುಳಿತು ಆ ಫೋಲ್ಡರ್ ತೆರೆದಳು. ಅವಳ ಅಧ್ಯಾಯ ಅಲ್ಲಿತ್ತು, ಒಂದಕ್ಷರವೂ ಕೆಡದೆ.