ಮುಷ್ಟಿಯ ಮೇಲಿನ ಸುರುಳಿ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂಲೆಯ ಮೇಜಿನ ಮೇಲೆ ಒಂದೇ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್ ಕೊಳವೆಗೆ ತಾಮ್ರದ ನಾಲ್ಕು ತಂತಿಗಳನ್ನು ಬಳ್ಳಿಯಂತೆ ಸುತ್ತುತ್ತಿದ್ದಾರೆ. ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಬಿಚ್ಚಿ, ಮತ್ತೆ ಮೊದಲಿಂದ. ಉಪಗ್ರಹದ ಮೂಲಕ ಮಾತಾಡುವ ಕೈಫೋನಿನ ನೆತ್ತಿಯ ಮೇಲೆ ನಿಲ್ಲುವ ಆಂಟೆನಾ ಇದು. ಇಲ್ಲಿ ಎಲ್ಲರಿಗೂ ಇವರು ಸುರುಳಿ ಅಕ್ಕ.

ಒಂಬತ್ತಕ್ಕೆ ಪರೀಕ್ಷೆ. ಈ ಫೋನಿನ ಆಂಟೆನಾ ಪ್ರಯೋಗಾಲಯದಲ್ಲಿ ಎರಡು ಸಲ ಪಾಸಾಗಿ, ಆಳಸಮುದ್ರದ ದೋಣಿಗಳಲ್ಲಿ ಎರಡು ಸಲವೂ ಫೇಲಾಗಿದೆ. ನಿಮಿಷ ಕಳೆಯುವುದರೊಳಗೆ ಮಾತು ಕತ್ತರಿಸುತ್ತದೆ ಎಂಬ ದೂರು. ಇವತ್ತೂ ಕೈಕೊಟ್ಟರೆ ಕಂಪನಿ ಹೊರಗಿನಿಂದ ಸಿದ್ಧ ಆಂಟೆನಾ ತರಿಸಿ, ಅಕ್ಕನ ಮೇಜನ್ನು ಎತ್ತಿಸಿ, ಅವರನ್ನು ಪ್ಯಾಕಿಂಗಿಗೆ ಕಳಿಸುತ್ತದೆ.

ಅಕ್ಕನ ತಂದೆ ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವರು. ಅವರ ಕಣ್ಣು ಮಂಜಾದಾಗ ಮಗಳು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತಳು. ಆ ಕೈ ನೋಡಿ ಕಂಪನಿಯವರು ಇಲ್ಲಿಗೆ ಕರೆದರು, ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಆರು ಆಂಟೆನಾ. ಕೆಟ್ಟದ್ದೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದೆ.

ಪರೀಕ್ಷೆಗೆ ಒಂದು ಪ್ಲಾಸ್ಟಿಕ್ ತಲೆಯಿದೆ. ಮಿದುಳಿನ ಬದಲು ಉಪ್ಪು, ಸಕ್ಕರೆ ಕಲಸಿದ ನೀರು. ಅಕ್ಕ ಅದನ್ನು 'ಮಾವ' ಎನ್ನುತ್ತಾರೆ. "ಎಷ್ಟು ಹೊತ್ತು ಮಾತಾಡಿದ್ರೂ ಎದುರು ಆಡಲ್ಲ. ಇಂಥ ಮಾವ ಯಾರಿಗೆ ಸಿಗ್ತಾರೆ?"

ಕೆಲಸದ ಗುಟ್ಟು ಆ ತಲೆಯಲ್ಲೇ ಇದೆ. ಮೈ ಹತ್ತಿರ ಬಂದರೆ ಆಂಟೆನಾದ ಶ್ರುತಿ ಇಳಿಯುತ್ತದೆ, ಅರ್ಧ ಶಕ್ತಿಯನ್ನು ಮೈಯೇ ಕುಡಿಯುತ್ತದೆ. "ಬಯಲಲ್ಲಿ ಹುಲಿ, ಕಿವಿ ಹತ್ರ ಬಂದ್ರೆ ಇಲಿ," ಎನ್ನುತ್ತಾರೆ ಅಕ್ಕ. ಹಾಗಾಗಿ ತಂತಿಯ ತುದಿಯನ್ನು ಎಳ್ಳುಕಾಳಿನಷ್ಟು ಗಿಡ್ಡ ಮಾಡಿ, ಬಯಲಲ್ಲಿ ಶ್ರುತಿಯನ್ನು ಬೇಕೆಂದೇ ತುಸು ಏರಿಸಿಡುತ್ತಾರೆ. ಕಿವಿಯ ಪಕ್ಕ ಅದು ಇಳಿದು ಸರಿಹೋಗುತ್ತದೆ.

ಅದೆಲ್ಲ ಮಾಡಿಯೂ ದೋಣಿಯಲ್ಲಿ ಯಾಕೆ ಕೆಟ್ಟಿತು? ಉತ್ತರ ಸಿಕ್ಕಿದ್ದು ಅಕ್ಕನ ಅಡುಗೆಮನೆಯಲ್ಲಿ. ಗಂಡ ಆಳಸಮುದ್ರದ ದೋಣಿಯ ಎಂಜಿನ್ ಮೆಕ್ಯಾನಿಕ್; ಪರೀಕ್ಷೆಯ ಫೋನು ಅವರ ದೋಣಿಗೂ ಹೋಗಿತ್ತು. ಕಳೆದ ಸಲ ಮನೆಗೆ ಬಂದಾಗ ಅಕ್ಕ ಅವರ ಕೈಗೆ ಲಟ್ಟಣಿಗೆ ಕೊಟ್ಟರು.

"ಇದೇ ಫೋನು ಅಂದ್ಕೊಳ್ಳಿ. ಹೇಗೆ ಹಿಡೀತೀರಿ ತೋರ್ಸಿ."

"ನಿನಗೇನಾಯ್ತೇ ಇವತ್ತು?" ಎನ್ನುತ್ತಲೇ ಅವರು ಲಟ್ಟಣಿಗೆಯ ಮೇಲ್ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ದೋಣಿ ಹೊಯ್ದಾಡುವಾಗ ಒದ್ದೆ ಕೈಯಿಂದ ಫೋನ್ ಜಾರಬಾರದಲ್ಲ. ಸುರುಳಿ ಇರುವುದೂ ಅಲ್ಲೇ. ಪ್ರಯೋಗಾಲಯದಲ್ಲಿ ಮಾವನ ಕಿವಿಗೆ ಫೋನ್ ಹಿಡಿಯುವ ರಬ್ಬರ್ ಕೈ ಮಾತ್ರ ಫೋನಿನ ಕೆಳಭಾಗವನ್ನು ಹಿಡಿದಿತ್ತು. ಪುಸ್ತಕ ಹೇಳಿದಂತೆ ಫೋನ್ ಹಿಡಿಯುವವರು ಪುಸ್ತಕದಲ್ಲೇ ಇರುತ್ತಾರೆ.

ಅಕ್ಕ ಉದ್ದದ ಕೊಳವೆ ತೆಗೆದುಕೊಂಡು ಸುರುಳಿಯನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಸುತ್ತಿದರು. ಕೆಳಗಿನ ಕೊಳವೆ ಬರಿದು, ಮುಷ್ಟಿಗೆಂದೇ ಬಿಟ್ಟ ಜಾಗ. ಪ್ರಯೋಗಾಲಯದ ಎಂಜಿನಿಯರ್ ಅಡ್ಡಡ್ಡ ತಲೆಯಾಡಿಸಿದರು. "ಇಷ್ಟುದ್ದ ಆದ್ರೆ ಜೇಬಲ್ಲಿ ಹಿಡಿಯಲ್ಲಕ್ಕಾ."

"ಜೇಬಲ್ಲಿ ಮಾತಾಡ್ತಾರಾ, ಸಾರ್?"

ಎಂಜಿನಿಯರ್ ನಕ್ಕು ನಕ್ಷೆ ತಿದ್ದಿದರು.

ಒಂಬತ್ತು ಗಂಟೆ. ಗೋಡೆ ತುಂಬ ರೇಡಿಯೊ ಅಲೆ ಹೀರುವ ಮೊನಚು ಫೋಮ್ ಮೆತ್ತಿದ ಕೋಣೆಯಲ್ಲಿ ಮಾವ ನಿಧಾನಕ್ಕೆ ತಿರುಗುತ್ತಾನೆ. ರಬ್ಬರ್ ಕೈ ಈ ಸಲ ಅಕ್ಕನ ಗಂಡನ ಹಾಗೆ ಮೇಲ್ಗಡೆ, ಸುರುಳಿಯ ಕೆಳಗಿನ ಬರಿ ಕೊಳವೆಯನ್ನು ಹಿಡಿದಿದೆ. ಅಕ್ಕ ಪರದೆ ನೋಡುವುದಿಲ್ಲ. ಹೊರಗೆ ನಿಂತು ಇಕ್ಕಳ ಒರೆಸುತ್ತಾರೆ. ಹಳೆಯ ಮಾದರಿಯನ್ನು ಹೀಗೆ ಹಿಡಿದಾಗ ಹತ್ತು ಪಾಲು ಶಕ್ತಿಯಲ್ಲಿ ಒಂಬತ್ತು ಪಾಲು ಕೈಯಲ್ಲೂ ತಲೆಯಲ್ಲೂ ಇಂಗುತ್ತಿತ್ತು. ಈಗ ನಾಲ್ಕೇ ಪಾಲು. ತಲೆಗೆ ಇಳಿಯುವ ಪಾಲೂ ಸುರಕ್ಷತೆಯ ಮಿತಿಯೊಳಗಿದೆ. ಎಂಜಿನಿಯರ್ ಹೊರಬಂದು, "ಮಾವ ಒಪ್ಪಿದ್ರು ಅಕ್ಕಾ," ಎನ್ನುತ್ತಾರೆ.

ಇನ್ನು ಐವತ್ತು ಫೋನುಗಳು ದೋಣಿಗಳಿಗೆ ಹೋಗಲಿವೆ. ಅವುಗಳಲ್ಲೊಂದು ಅಕ್ಕನ ಗಂಡನ ದೋಣಿಗೆ. ವರದಿಯಲ್ಲಿ ಅಕ್ಕನ ಹೆಸರಿಲ್ಲ. ಅವರು ಕೇಳಿಯೂ ಇಲ್ಲ. ಆಗಲೇ ಮೇಜಿಗೆ ಮರಳಿ ಹೊಸ ಕೊಳವೆ ಕೈಗೆತ್ತಿಕೊಂಡಿದ್ದಾರೆ.

ಏನು ಆಸೆ ಎಂದು ಕೇಳಿದರೆ ತಂತಿಯಿಂದ ಕಣ್ಣೆತ್ತದೆ ಹೇಳುತ್ತಾರೆ: "ನಮ್ಮನೆಯವರು ಸಮುದ್ರದಿಂದ ಮಾಡಿದ ಫೋನು ಇವತ್ತಿನವರೆಗೂ ತಾನಾಗೇ ಕಟ್ ಆಗಿರೋದು. ಒಂದ್ಸಲ ಅವರೇ 'ಸರಿ, ಇಡ್ತೀನಿ' ಅನ್ಲಿ. ಸಾಕು."