ಯಾರ ಮನೆ ಮಗು ಎಂದು ಕೇಳುವ ವರ್ಡೆಲ್ ಅವರು

ಗಾಲ್ವೆಸ್ಟನ್ನಿನ ಕಪ್ಪು ಜನರ ಮಕ್ಕಳಿಗೆ ಓದಿನ ರುಚಿ ಹತ್ತಿಸಿದವರನ್ನು ಎಣಿಸಲು ಕೂತರೆ, ಮೊದಲ ಬೆರಳು ಮಡಚುವುದು ಶ್ರೀಮತಿ ವರ್ಡೆಲ್ ಪ್ರೋಕ್ಟರ್ ಅವರ ಹೆಸರಿಗೆ. ಮೂವತ್ತನಾಲ್ಕು ವರ್ಷ ಶಾಲೆಯ ಗ್ರಂಥಾಲಯವನ್ನು ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಪುಸ್ತಕ ಕೊಡುವವರೆಂದು ಬಲ್ಲವರು ಹಲವರಾದರೆ, ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಜೂನ್ ಹತ್ತೊಂಬತ್ತರ ಹಬ್ಬಕ್ಕೆ ಹಂಡೆಗಟ್ಟಲೆ ಕೆಂಪು ಶರಬತ್ತು ಕಲಸುವವರೆಂದು, ಮೆರವಣಿಗೆಯಲ್ಲಿ ಬ್ಯಾಂಡಿನವರನ್ನೂ ಹಿಂದೆ ಹಾಕಿ ನಡೆಯುವವರೆಂದು ಬಲ್ಲದ್ದು ಇಡೀ ಊರು.

ಕಾಲೇಜಿಗೆ ಹೊರಟ ಮಕ್ಕಳಿಗೆ ಆ ಹಬ್ಬದಲ್ಲಿ ವಿದ್ಯಾರ್ಥಿವೇತನ ಕೊಡುವುದನ್ನು ಆರಂಭಿಸಿದವರು ಅವರೇ. ಅದಕ್ಕೊಂದು ಕಟ್ಟುಪಾಡು ಹಾಕಿದವರೂ ಅವರೇ. ವೇದಿಕೆಗೆ ಬಂದ ಮಗು ತನ್ನ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳಬೇಕು. ಒಂದೊಂದು ಹೆಸರಿಗೂ ಆ ಮನೆಯ ಬಂಧುಬಳಗವೆಲ್ಲ ಎದ್ದು ನಿಲ್ಲಬೇಕು. ಹೆಸರನ್ನೂ ಕಿತ್ತುಕೊಂಡು ಮಾರಲಾದ ಜನರ ಮೊಮ್ಮಕ್ಕಳು ಹೆಸರು ಹಿಡಿದು ಕೂಗುವುದೇ ಹಬ್ಬವೆಂದು ಅವರ ನಂಬಿಕೆ.

ಒಂದು ವರ್ಷ ಕಿಯೋನಾ ಲಾಸನ್ ಎಂಬ ಹುಡುಗಿಯ ಅರ್ಜಿಯಲ್ಲಿ ಆ ಮೂರು ಹೆಸರು ಬರೆಯಬೇಕಾದ ಗೆರೆಗಳು ಖಾಲಿ ಇದ್ದವು. ಅಪೂರ್ಣವೆಂದು ವರ್ಡೆಲ್ ಅವರೇ ಅದನ್ನು ಬದಿಗಿಟ್ಟರು. ಆದರೆ ದಿನಾ ಗ್ರಂಥಾಲಯಕ್ಕೆ ಬರುತ್ತಿದ್ದ ಹುಡುಗಿ ಎರವಲು ಪುಸ್ತಕಗಳನ್ನೆಲ್ಲ ಹಿಂದಿರುಗಿಸಿ ಬರುವುದನ್ನೇ ನಿಲ್ಲಿಸಿದಾಗ ಅವರಿಗೆ ಮನಸ್ಸು ತಡೆಯಲಿಲ್ಲ. ಅವಳು ಶನಿವಾರ ಕೆಲಸ ಮಾಡುತ್ತಿದ್ದ ಜಡೆ ಹೆಣೆಯುವ ಅಂಗಡಿಗೆ ಹೋಗಿ ನೇರವಾಗಿ ಕುರ್ಚಿಯಲ್ಲಿ ಕೂತರು.

"ಎಂಥ ಜಡೆ ಹಾಕ್ಲಿ, ಮಿಸ್ ವರ್ಡೆಲ್?"

"ಯಾವ್ದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತೋ ಅದು."

"ಸಣ್ಣ ಜಡೆಗೆ ಐದು ಗಂಟೆ ಬೇಕು."

ಅಂಗಡಿಯ ಒಡತಿ ಕ್ಲಿಯೋರಾ ಆಚೆಯಿಂದಲೇ ನಕ್ಕರು: "ಐದು ಗಂಟೆಗಾಗೋಷ್ಟು ಕೂದ್ಲು ನಿಮ್ಮ ತಲೇಲಿ ಎಲ್ಲಿದೆ ತಾಯಿ!"

"ನೀನು ಸುಮ್ನಿರು ಮಾರಾಯ್ತಿ. ಕಂದಾ, ಆ ಮೂರು ಗೆರೆ ಯಾಕೆ ಖಾಲಿ ಬಿಟ್ಟೆ?"

ಬಾಚಣಿಗೆ ನಿಂತಿತು. "ನಾಲ್ಕನೇ ವರ್ಷದಿಂದ ಸರ್ಕಾರದೋರು ಕಳ್ಸಿದ ಬೇರೆಯವ್ರ ಮನೆಗಳಲ್ಲೇ ಬೆಳ್ದೆ. ಏಳು ಮನೆ. ಯಾರ ಹೆಸ್ರು ಬರೀಲಿ? ಎಲ್ರ ಎದುರು ಬಾಯಿ ಮುಚ್ಕೊಂಡು ನಿಲ್ಲೋದಕ್ಕಿಂತ ಕಾಲೇಜೇ ಬೇಡ ಅನ್ನಿಸ್ತು."

ವರ್ಡೆಲ್ ಅವರು ಕನ್ನಡಿಯಲ್ಲಿ ಕಂಡ ಅವಳಿಗೆ ಹೇಳಿದರು: "ತಪ್ಪು ನಿಂದಲ್ಲ, ನಂದು. ಹೋಗ್ಲಿ, ಶಾಲೆಗೆ ಯಾರು ಕರ್ಕೊಂಡು ಹೋಗ್ತಿದ್ರು?"

"ಬಸ್ಸಿನ ಮಿಸ್ಟರ್ ಆಲ್ಫೋನ್ಸ್. ನಾನು ತಡ ಮಾಡಿದ್ರೆ ಬಸ್ಸು ಕೆಟ್ಟಿದೆ ಅಂತ ಸುಳ್ಳು ಹೇಳಿ ಕಾಯ್ತಿದ್ರು."

"ಊಟ?"

"ಶಾಲೆ ಅಡುಗೆಮನೆ ಮಿಸ್ ಹ್ಯಾಟಿ. ಶುಕ್ರವಾರ ನಂಗೆ ಎರಡು ಸಲ ಬಡಿಸೋರು, ಶನಿವಾರಕ್ಕೂ ಆಗ್ಲಿ ಅಂತ."

"ನಿನ್ನ ತಲೆ ಬಾಚಿದ್ದು?"

ಹುಡುಗಿ ಒಡತಿಯ ಕಡೆ ತಿರುಗಿದಳು. "ನನ್ನನ್ನೇನು ನೋಡ್ತೀಯ?" ಎಂದು ಕ್ಲಿಯೋರಾ ಗದರಿದರು. "ನೀನು ಕೆದರ್ಕೊಂಡು ತಿರುಗಿದ್ರೆ ನನ್ನ ಅಂಗಡಿ ಮಾನ ಹೋಗ್ತಿತ್ತು, ಅಷ್ಟೇ!"

"ಮೂರು ಹೆಸ್ರು ಸಿಕ್ತಲ್ಲ, ಬರಿ," ಎಂದರು ವರ್ಡೆಲ್.

ಸಮಿತಿಯ ಹಿರಿಯರು ಗೊಣಗಿದರು, ರಕ್ತಸಂಬಂಧ ಬೇಡವೇ ಎಂದರು. ಇಪ್ಪತ್ತು ವರ್ಷ ತಾವೇ ಕಾಯ್ದ ಕಟ್ಟುಪಾಡನ್ನು ತಪ್ಪೆಂದು ಒಪ್ಪಿಕೊಳ್ಳುವುದು ವರ್ಡೆಲ್ ಅವರಿಗೂ ಸುಲಭವಾಗಿರಲಿಲ್ಲ. ಆದರೂ ಎಲ್ಲರೆದುರು ಒಪ್ಪಿಕೊಂಡು ಅದನ್ನು ತಿದ್ದಿದರು.

ಹಬ್ಬದ ದಿನ ಕಿಯೋನಾ ಮೊದಲ ಹೆಸರು ಹೇಳಿದಳು. ಆಲ್ಫೋನ್ಸ್ ಎದ್ದರು, ಪದ್ಧತಿ ಪದ್ಧತಿಯೇ ಆದ್ದರಿಂದ ಅವರ ಒಂಬತ್ತು ಜನ ಒಡಹುಟ್ಟಿದವರು, ಸೊಸೆ ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಎದ್ದರು. ಹ್ಯಾಟಿಯ ಹೆಸರಿಗೆ ಚರ್ಚಿನ ಗಾಯಕವೃಂದವೇ ಎದ್ದಿತು, ಅದರಲ್ಲಿದ್ದವರೆಲ್ಲ ಅವರ ನೆಂಟರೇ. ಕ್ಲಿಯೋರಾ ತಮ್ಮ ಹೆಸರು ಬರುವವರೆಗೂ ಕಾಯಲಿಲ್ಲ, ಬಳಗವನ್ನೆಲ್ಲ ಎಬ್ಬಿಸಿ ಚಪ್ಪಾಳೆ ತಟ್ಟುತ್ತಿದ್ದರು. ಯಾರೂ ಇಲ್ಲವೆಂದ ಹುಡುಗಿಗಾಗಿ ಅರ್ಧ ಮೈದಾನ ಎದ್ದು ನಿಂತಿತ್ತು.

ಅಂದಿನಿಂದ ಅರ್ಜಿಯಲ್ಲಿ "ನಿನ್ನನ್ನು ಬೆಳೆಸಿದವರು ಯಾರು?" ಎಂದಷ್ಟೇ ಇದೆ. ಶ್ರೀಮತಿ ವರ್ಡೆಲ್ ಪ್ರೋಕ್ಟರ್ ಅವರು ಆಯುರಾರೋಗ್ಯದಿಂದ ನೂರ್ಕಾಲ ನಮ್ಮ ನಡುವೆ ಇರಲಿ. ಗ್ರಂಥಾಲಯದಿಂದ ಅವರು ನಿವೃತ್ತರಾಗಬಹುದು. ಆ ಅರ್ಜಿಗಳನ್ನು ಓದುವ ಕುರ್ಚಿಯಿಂದ ಮಾತ್ರ ಏಳಲು ಈ ಊರು ಬಿಡುವುದಿಲ್ಲ. ಈ ವರ್ಷದ ನಲವತ್ತೊಂದು ಅರ್ಜಿಗಳು ಆಗಲೇ ಅವರ ಊಟದ ಮೇಜಿನ ಮೇಲಿವೆ.